ಚಳಿಗೆ ಏಳದ ಕಾರು, ಪಾಪದ ಕಾರ್ಬುರೇಟರ್

ಹಳೇ ಕಾರು ಬೆಳಗ್ಗೆ ಸ್ಟಾರ್ಟ್ ಆಗಲ್ಲ ಅಂತ ಯಾರ ಹತ್ರ ಬೇಕಾದ್ರೂ ಹೇಳಿ ನೋಡಿ. ಹಾಲು ತರೋಕೆ ಹೊರಟವರೂ ಸೈಕಲ್ ನಿಲ್ಲಿಸಿ, "ಕಾರ್ಬುರೇಟರ್ ಬಿಚ್ಚಿಸಿ ಸರ್, ಕಸ ಕೂತಿರುತ್ತೆ" ಅಂತ ಹೇಳಿ ಹೋಗ್ತಾರೆ. ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸೋ ಸಾಮಾನು ಅದು. ನಾನೂ ಮೂವತ್ತು ವರ್ಷ ಹಾಗೇ ನಂಬಿದ್ದವನು. ಈಗ ನಂಬಲ್ಲ. ಚಳಿಗೆ ಏಳದ ಗಾಡಿಯಲ್ಲಿ ಕೈ ಹಾಕಬೇಕಾದ ಕೊನೇ ಜಾಗ ಕಾರ್ಬುರೇಟರ್ ಅನ್ನೋದು ನನ್ನ ಈಗಿನ ಅಭಿಪ್ರಾಯ. ದುಡ್ಡು ಕೊಟ್ಟು ಕಲಿತದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮನೇಲಿ 1994ರ ಮಾರುತಿ 800 ಇದೆ. ಅಪ್ಪ ತಗೊಂಡಿದ್ದು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರು, ಡ್ಯಾಶ್‌ಬೋರ್ಡಿನಲ್ಲಿ ಎಳೆಯೋ ಚೋಕ್. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ, ಅಂದ್ರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ, ಬಂದ ಮೇಲೆ ಹುಟ್ಟಿದವರಿಗೆ ಈ ಚೋಕ್ ಅನ್ನೋದೇ ಗೊತ್ತಿಲ್ಲ. ನನ್ನ ಮಗಳು ಅದನ್ನ ಎಳೆದು, "ಇದು ಎಂತಕ್ಕೆ, ಬಾನೆಟ್ ತೆಗೆಯೋಕಾ?" ಅಂತ ಕೇಳಿದ್ದಾಳೆ.

ನಮ್ಮದು ಮೂಡಿಗೆರೆ ಕಡೆ. ಕಾಶ್ಮೀರದ ಚಳಿ ಏನಲ್ಲ, ಆದ್ರೂ ಡಿಸೆಂಬರಿನಲ್ಲಿ ಬೆಳಗಿನ ಆರು ಗಂಟೆಗೆ ಶೆಡ್ಡಿನ ತಗಡಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತೆ. ಕಾಫಿ ಕುಯ್ಲಿನ ದಿನಗಳು, ಆಳುಗಳನ್ನ ಕರ್ಕೊಂಡು ಬರಬೇಕು, ಆಗಲೇ ಇದರ ಹಟ. ಕೀ ತಿರುಗಿಸಿದ್ರೆ "ರ್ರ್... ರ್ರ್..." ಅಂತ ಮುದುಕರು ಮೆಟ್ಟಿಲು ಹತ್ತಿದ ಹಾಗೆ ಸೆಲ್ಫ್ (ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟಾರ್) ತಿರುಗೋದು. ನಾಲ್ಕೈದು ಸಲಕ್ಕೆ ಒಮ್ಮೆ ಕೆಮ್ಮೋದು, ಮತ್ತೆ ಸುಮ್ಮನಾಗೋದು. ಕೊನೆಗೆ ಇಳಿಜಾರಲ್ಲಿ ತಳ್ಳಿಸಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ರೆ ತಕ್ಷಣ ಎದ್ದು ಬಿಡೋದು. ಅದೇ ಗಾಡಿ ಮಧ್ಯಾಹ್ನ ಪೇಟೇಲಿ ನಿಲ್ಲಿಸಿ ಬಂದ್ರೆ ಕೀ ಮುಟ್ಟಿದ ಕೂಡಲೇ ಶುರು.

ಗ್ಯಾರೇಜೊಂದಕ್ಕೆ ಬಿಟ್ಟೆ. ಯಾವುದು ಅಂತ ಬೇಡ. ನಿರೀಕ್ಷೆಯಂತೆ ಕಾರ್ಬುರೇಟರ್ ಬಿಚ್ಚಿದ್ರು, ಕಿಟ್ ಹಾಕಿದ್ರು, ಪೆಟ್ರೋಲ್ ಹೋಗೋ ಸಣ್ಣ ತೂತಿನ ಜೆಟ್ಟಿಗೆ ಗಾಳಿ ಹೊಡೆದ್ರು, ಕಿಡಿ ಹಾರಿಸೋ ಮೂರು ಪ್ಲಗ್ ಹೊಸದು. ಬ್ಯಾಟರಿ ಚೆಕ್ ಮಾಡಿ "12.5 ವೋಲ್ಟ್ ಇದೆ ಸರ್, ಫಸ್ಟ್ ಕ್ಲಾಸ್" ಅಂದ್ರು. ನಾಲ್ಕು ಸಾವಿರದ ಮುನ್ನೂರು ರೂಪಾಯಿ. ಸಂಜೆ ತಂದೆ, ಬೆಣ್ಣೆ ಹಾಗೆ ಓಡ್ತು. ಬೆಳಗ್ಗೆ ಮೊದಲಿಗಿಂತ ಕಡೆ. ಮೊದಲು ಕೆಮ್ಮಾದ್ರೂ ಬರ್ತಿತ್ತು, ಈಗ ಅದೂ ಇಲ್ಲ. ಅಪ್ಪ ವರಾಂಡದಲ್ಲಿ ಕೂತು, "ರೋಗ ವಾಸಿ ಮಾಡೋಕೆ ಹೋಗಿ ರೋಗಿಯನ್ನೇ ಮಲಗಿಸಿದ್ರಲ್ಲ ಮಾರಾಯ" ಅಂದ್ರು. ನನಗೆ ನಗು ಬರಲಿಲ್ಲ.

ಆಮೇಲೆ ಹೋಗಿದ್ದು ಗ್ಯಾರೇಜ್ ಮುಚ್ಚಿ ಮನೇಲಿ ಕೂತಿರೋ ಹಳೇ ಮೆಕ್ಯಾನಿಕ್ ಒಬ್ಬರ ಹತ್ರ. ಎಲ್ಲರೂ ಅಜ್ಜ ಅಂತಲೇ ಕರೆಯೋದು. ಬೆಳಗ್ಗೆ ಐದೂವರೆಗೆ ಬೈಕಲ್ಲಿ ಕೂರಿಸ್ಕೊಂಡು ಬಂದೆ. ಅವರದೇ ಷರತ್ತು: "ಎಂಜಿನ್ ತಣ್ಣಗಿದ್ದಾಗಲೇ ನೋಡ್ಬೇಕು. ಬಿಸಿ ಮಾಡಿಟ್ಟು ಕರೆದ್ರೆ ನಾನು ಬರಲ್ಲ." ಯೋಚನೆ ಮಾಡಿ, ಗ್ಯಾರೇಜಿಗೆ ನಾವು ಗಾಡಿ ಓಡಿಸ್ಕೊಂಡೇ ಹೋಗ್ತೀವಿ. ಅಲ್ಲಿ ಮುಟ್ಟುವಾಗ ಎಂಜಿನ್ ಬಿಸಿ, ರೋಗವೇ ಇಲ್ಲ. ಇಲ್ಲದ ರೋಗಕ್ಕೆ ಅವರು ಮದ್ದು ಕೊಡ್ತಾರೆ.

ಅಜ್ಜ ಬಾನೆಟ್ ಎತ್ತಲಿಲ್ಲ. "ಒಂದ್ಸಲ ಸೆಲ್ಫ್ ಹೊಡಿ" ಅಂದ್ರು. ಕಿವಿ ಕೊಟ್ಟು ಕೇಳಿದ್ರು. "ತಳ್ಳಿದ್ರೆ ಏಳುತ್ತಾ?" ಅಂದ್ರು. ಮೊದಲು ಏಳ್ತಿತ್ತು ಅಂದೆ. "ಹಂಗಾದ್ರೆ ಮೊದಲಿನ ರೋಗ ಪೆಟ್ರೋಲಿಂದಲ್ಲ. ಜಂಪರ್ ಕೇಬಲ್ ಇದೆಯಾ?"

ಇತ್ತು. ಬ್ಯಾಟರಿಯ ಮೈನಸ್ಸಿಗೆ ಒಂದು ತುದಿ ಕಚ್ಚಿಸಿ, ಇನ್ನೊಂದನ್ನ ಎಂಜಿನ್ ಬ್ಲಾಕಿನ ಒಂದು ಬೋಲ್ಟಿಗೆ ಕಚ್ಚಿಸಿದ್ರು. ಅಷ್ಟೇ. "ಈಗ ಹೊಡಿ." ಸೆಲ್ಫ್ ತಿರುಗಿದ ಸದ್ದೇ ಬೇರೆ! ಚುರುಕಾಗಿ, ಮಿಕ್ಸಿ ಹಾಗೆ. ಸ್ಟಾರ್ಟ್ ಆಗಲಿಲ್ಲ, ಅದು ಬೇರೆ ಕತೆ, ಆದ್ರೆ ಮುದುಕರ ನಡಿಗೆ ಹೋಯ್ತು.

ಕೇಬಲ್ ತೆಗೆದು ಮೀಟರ್ ಹಿಡಿದು ನೋಡಿದ್ವಿ. ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಒಂದು ಬ್ಲಾಕಿಗೆ. ಸೆಲ್ಫ್ ಹೊಡೆಯುವಾಗ ಅಲ್ಲಿ 0.2, ಹೆಚ್ಚೆಂದ್ರೆ 0.3 ವೋಲ್ಟ್ ತೋರಿಸಬೇಕು. ನಮ್ಮಲ್ಲಿ 1.9 ತೋರಿಸ್ತು. ಅಂದ್ರೆ ಬ್ಯಾಟರಿಯ ಶಕ್ತಿ ಎಂಜಿನ್ನಿಗೆ ಮುಟ್ಟೋ ಮೊದಲೇ ದಾರೀಲಿ ಸೋರಿ ಹೋಗ್ತಿತ್ತು. ಬ್ಯಾಟರಿ ಮೈನಸ್ಸಿಗೂ ಎಂಜಿನ್ನಿಗೂ ಸಂಪರ್ಕ ಕೊಡೋಕೆ ಗೇರ್‌ಬಾಕ್ಸಿಗೆ ಹೋಗೋ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದ್ರೆ, ಅದರಡಿ ಹಸಿರು ಕಿಲುಬು, ತುಕ್ಕು, ಪಟ್ಟಿಯ ತಂತಿಗಳಲ್ಲಿ ಅರ್ಧಕ್ಕರ್ಧ ತುಂಡಾಗಿ ಮೀಸೆ ಹಾಗೆ ಕೆದರಿಕೊಂಡಿವೆ. ಬ್ಯಾಟರಿ 12.5 ಇದ್ದಿದ್ದು ನಿಜವೇ. ಸುಮ್ಮನೆ ಕೂತಿದ್ದಾಗ ಯಾರು ಬೇಕಾದ್ರೂ ಪೈಲ್ವಾನ್. ಹೊರೆ ಹೊತ್ತಾಗ ನೋಡಬೇಕು.

ಚಳಿಯಲ್ಲಿ ಮಾತ್ರ ಯಾಕೆ ತೊಂದರೆ ಅನ್ನೋದೂ ಆಗಲೇ ಅರ್ಥ ಆಯ್ತು. ತಣ್ಣಗಿದ್ದಾಗ ಆಯಿಲ್ ಗಟ್ಟಿ, ಎಂಜಿನ್ ತಿರುಗಿಸೋಕೆ ಸೆಲ್ಫ್ ಜಾಸ್ತಿ ಕರೆಂಟ್ ಎಳೀತದೆ. ಕರೆಂಟ್ ಜಾಸ್ತಿಯಾದಷ್ಟೂ ಆ ತುಕ್ಕಿನ ಜಾಗದಲ್ಲಿ ನಷ್ಟ ಜಾಸ್ತಿ. ಕಿಡಿ ಹುಟ್ಟಿಸೋ ಇಗ್ನಿಷನ್ ಕಾಯಿಲ್‌ನ ಕರೆಂಟೂ, ಕಿಡಿಯನ್ನ ಒಂದೊಂದೇ ಪ್ಲಗ್ಗಿಗೆ ಹಂಚೋ ಡಿಸ್ಟ್ರಿಬ್ಯೂಟರ್ ಮೂಲಕ ಅದೇ ಬ್ಲಾಕಿನಿಂದ ವಾಪಸ್ ಬರಬೇಕು, ಹಾಗಾಗಿ ಕಿಡಿಯೂ ಸಪ್ಪೆ. ನಿಧಾನ ತಿರುಗೋ ಎಂಜಿನ್ನು, ಸಪ್ಪೆ ಕಿಡಿ, ತಣ್ಣಗಿನ ಪೆಟ್ರೋಲು, ಮೂರೂ ಸೇರಿದ್ರೆ ಇನ್ನೇನಾಗುತ್ತೆ. ತಳ್ಳಿದಾಗ ಸೆಲ್ಫಿನ ಹೊರೆಯೇ ಇಲ್ಲ, ಕಿಡಿಗೆ ಪೂರ್ತಿ ಕರೆಂಟ್ ಸಿಗ್ತದೆ, ಅದಕ್ಕೇ ಎದ್ದು ಬಿಡ್ತಿತ್ತು. ಉತ್ತರ ನನ್ನ ಕಣ್ಣ ಮುಂದೇ ಇತ್ತು, ಇಷ್ಟು ದಿನ ನಾಲ್ಕು ಜನ ಆಳುಗಳ ಕೈಲಿ ಅದನ್ನೇ ತಳ್ಳಿಸ್ತಾ ಇದ್ದೆ.

ಸರಿ, ಈಗ ಗ್ಯಾರೇಜಿಂದ ಬಂದ ಮೇಲೆ ಹುಟ್ಟಿದ ಎರಡನೇ ರೋಗ. ಏರ್ ಕ್ಲೀನರ್ ಮುಚ್ಚಳ ತೆಗೆದು ಅಜ್ಜ ನನ್ನನ್ನ ಚೋಕ್ ಎಳೆಯೋಕೆ ಹೇಳಿದ್ರು. ಎಳೆದೆ, ಪೂರ್ತಿ ಬಂತು. "ಬಾ, ಇಲ್ಲಿ ನೋಡು." ಕಾರ್ಬುರೇಟರ್ ಬಾಯಿಯ ಮೇಲಿನ ತಗಡಿನ ಬಿಲ್ಲೆ ಪೂರ್ತಿ ಮುಚ್ಚಬೇಕಿತ್ತು, ಅರ್ಧಕ್ಕೇ ನಿಂತಿತ್ತು. ಕಾರ್ಬುರೇಟರ್ ವಾಪಸ್ ಕೂರಿಸುವಾಗ ಚೋಕ್ ಕೇಬಲ್ಲಿನ ಹೊರಕವಚವನ್ನ ಕ್ಲಿಪ್ಪಿನಲ್ಲಿ ಸರಿಯಾಗಿ ಬಿಗಿದಿರಲಿಲ್ಲ. ನಾನು ಎಳೆದಾಗ ಒಳಗಿನ ತಂತಿ ಎಳೆಯೋ ಬದಲು ಇಡೀ ಕೇಬಲ್ ಜಾರ್ತಿತ್ತು. ಒಂದು ಸ್ಕ್ರೂ, ಅರ್ಧ ಇಂಚು. ಬಿಗಿದ ಮೇಲೆ ಬಿಲ್ಲೆ ಟಪ್ ಅಂತ ಮುಚ್ಚಿಕೊಂಡ್ತು.

ಚೋಕ್ ಬಗ್ಗೆ ಒಂದು ಮಾತು. ಪೆಟ್ರೋಲ್ ಹಾಗೇ ಉರಿಯೋದಲ್ಲ, ಆವಿಯಾಗಿ ಗಾಳಿ ಜೊತೆ ಬೆರೆತರೆ ಮಾತ್ರ ಉರಿಯೋದು. ಬಿಸಿ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸಾಕು. ತಣ್ಣಗಿದ್ದಾಗ ಹೋದ ಪೆಟ್ರೋಲಿನಲ್ಲಿ ಬಹುಪಾಲು ಎಂಜಿನ್ನಿಗೆ ಹೋಗೋ ಕೊಳವೆಯ (ಮ್ಯಾನಿಫೋಲ್ಡ್) ಗೋಡೆಗೆ ಹನಿಯಾಗಿ ಅಂಟಿ ಕೂತುಬಿಡುತ್ತೆ, ನಮ್ಮ ಶೆಡ್ಡಿನ ತಗಡಿಗೆ ಇಬ್ಬನಿ ಅಂಟಿದ ಹಾಗೆ. ಉರಿಯೋಕೆ ಬೇಕಾದಷ್ಟು ಆವಿ ಸಿಗಬೇಕಾದ್ರೆ ಹಲವು ಪಟ್ಟು ಹೆಚ್ಚು ಪೆಟ್ರೋಲ್ ಕಳಿಸಬೇಕು. ಗಾಳಿಯ ಬಾಯಿ ಮುಚ್ಚಿ ಪೆಟ್ರೋಲ್ ಹೀರಿಸೋದೇ ಚೋಕ್ ಕೆಲಸ. ಅರ್ಧ ಮುಚ್ಚಿದ ಚೋಕ್ ಬಿಸಿಲಿನ ಊರಲ್ಲಿ ಹೇಗೋ ನಡೆದೀತು, ಇಲ್ಲಿ ನಡೆಯಲ್ಲ.

ಹಾಗಂತ ಚೋಕ್ ಎಳೆದು ಮರೆಯೋರೂ ಇದ್ದಾರೆ. ನನ್ನ ಭಾವ ಒಮ್ಮೆ ಚೋಕ್ ಎಳ್ಕೊಂಡೇ ಬೇಲೂರಿಗೆ ಹೋಗಿ ಬಂದು, "ನಿಮ್ಮ ಗಾಡಿ ಪೆಟ್ರೋಲ್ ಕುಡೀತದೆ" ಅಂತ ದೂರಿದ್ರು. ಎಂಜಿನ್ ಹಿಡ್ಕೊಂಡ ಮೇಲೆ ಅರ್ಧ ಒಳಗೆ, ಸ್ವಲ್ಪ ಬಿಸಿಯಾದ ಮೇಲೆ ಪೂರ್ತಿ ಒಳಗೆ. ಇಲ್ಲದಿದ್ರೆ ಹಸಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹಾಕುತ್ತೆ, ಪ್ಲಗ್ ಮಸಿ ಹಿಡಿಯುತ್ತೆ. ಹೊಡೆದೂ ಹೊಡೆದೂ ಓವರ್‌ಫ್ಲೋ ಆಗಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದ್ರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀರಿ, ಗಾಳಿ ನುಗ್ಗಿ ಒಣಗುತ್ತೆ. ಒತ್ತಿ ಹಿಡೀಬೇಕು, ಪಂಪ್ ಮಾಡಬಾರದು. ಪ್ರತಿ ಸಲ ಒತ್ತಿದಾಗಲೂ ಇನ್ನೊಂದು ಪಿಚಕಾರಿ ಪೆಟ್ರೋಲ್ ಒಳಗೆ ಹೋಗುತ್ತೆ. ಸೆಲ್ಫನ್ನೂ ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೀಬೇಡಿ, ಅದೂ ಬಿಸಿಯಾಗಿ ಸುಟ್ಟು ಹೋದ್ರೆ ಇನ್ನೊಂದು ಖರ್ಚು.

ಇಷ್ಟಾಗಿಯೂ ಏಳದಿದ್ರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಹುಡುಕಿ. ಒಣಗಿದ್ರೆ ಪೆಟ್ರೋಲ್ ಹುಡುಕಿ. ವಾರಗಟ್ಟಲೆ ನಿಂತ ಗಾಡೀಲಿ ಕಾರ್ಬುರೇಟರ್ ಒಳಗಿನ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತೆ, ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಎಸಿ ಪಂಪ್ ಮತ್ತೆ ತುಂಬಿಸೋವರೆಗೆ ಎಂಜಿನ್ ತಿರುಗಲೇಬೇಕು. ಅದು ರೋಗವಲ್ಲ. ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡೋ ಶೂರರೂ ಇದ್ದಾರೆ, ಬ್ಯಾಕ್‌ಫೈರ್ ಆದ್ರೆ ಹುಬ್ಬು ಸುಟ್ಕೊಳ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಮೊದಲ ಅನುಮಾನ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ. ಒಳಗೆ ತೇವ ಕೂತಿರುತ್ತೆ, ಒಣ ಬಟ್ಟೇಲಿ ಒರೆಸಿದ್ರೆ ಮುಗೀತು. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿಯೋ ಹಳೇ ಕಾಲದ ಸ್ವಿಚ್) ಇರೋ ಗಾಡಿಯಾದ್ರೆ ಪಾಯಿಂಟ್, ಕಂಡೆನ್ಸರ್ ಕೂಡ ನೋಡಬೇಕು. ಇದೆಲ್ಲ ದಾಟಿ ಬಂದ ಮೇಲೆ ಕಾರ್ಬುರೇಟರ್‌ನ ಸರದಿ.

ಅಪ್ಪನ ಕಾಲದಲ್ಲಿ ಇದಕ್ಕೆಲ್ಲ ಒಂದೇ ಮದ್ದು, ರಾತ್ರಿ ಎಂಜಿನ್ ಮೇಲೆ ಕಾಫಿ ಗೋಣಿಚೀಲ ಹೊದಿಸೋದು. ನಾನೊಮ್ಮೆ ತೆಗೆಯೋಕೆ ಮರೆತು ಮೂರು ಮೈಲಿ ಹೋಗಿದ್ದೆ. ಹುರಿದ ಕಾಫಿ ವಾಸನೆ ಬರಲಿಲ್ಲ, ಸುಟ್ಟ ಗೋಣಿ ವಾಸನೆ ಬಂತು.

ಈಗ ಪೆಟ್ರೋಲ್ ಬಗ್ಗೆ. ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲನ್ನ 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಲ್ಲೇ ಪ್ರಧಾನಿ ಬಿಡುಗಡೆ ಮಾಡಿದ್ದು. ನಮ್ಮ ಗಾಡಿಯ ಜೆಟ್‌ಗಳು 1994ರ ಪೆಟ್ರೋಲಿಗೆ ಅಳತೆ ಮಾಡಿ ಕೊರೆದವು. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುತ್ತೆ, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತೆ. ಆವಿಯಾಗೋಕೆ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಕೇಳುತ್ತೆ, ಚಳಿಯಲ್ಲಿ ಅದನ್ನ ಎಲ್ಲಿಂದ ತರೋದು? ಹೊಸ ಕಾರಿನ ಕಂಪ್ಯೂಟರ್ ಇದನ್ನೆಲ್ಲ ಅಳೆದು ಸರಿ ಮಾಡ್ಕೊಳ್ಳುತ್ತೆ, ನಮ್ಮದಕ್ಕೆ ಇರೋ ಕಂಪ್ಯೂಟರ್ ನನ್ನ ಕಿವಿ. ಎಥೆನಾಲ್‌ಗೆ ನೀರು ಹೀರೋ ಗುಣ ಬೇರೆ ಇದೆ, ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋರು ನೆನಪಿಡಿ. ನನ್ನ ಗಾಡಿಯ ಪೆಟ್ರೋಲ್ ಪೈಪಿನ ಹಳೇ ರಬ್ಬರ್ ಬೆರಳಲ್ಲಿ ಒತ್ತಿದ್ರೆ ಬೆಲ್ಲದ ಪಾಕದ ಹಾಗೆ ಅಂಟ್ತಿತ್ತು. ಎಲ್ಲ ಬದಲಾಯಿಸಿದೆ. ಎಥೆನಾಲ್ ಬೇಡ ಅಂತ ನಾನು ಹೇಳಲ್ಲ, ಕಬ್ಬು ಬೆಳೆಯೋರ ಹೊಟ್ಟೆಪಾಡೂ ಇದೆ. ಹಳೇ ಗಾಡಿಗೆ ಕಡಿಮೆ ಬೆರಕೆಯ ಪೆಟ್ರೋಲನ್ನೂ ಅದೇ ಬಂಕಲ್ಲಿ, ಅದೇ ರೇಟಿಗೆ ಕೊಡಬೇಕಿತ್ತು ಅಂತ ಮಾತ್ರ ಹೇಳ್ತೀನಿ.

ಗ್ಯಾರೇಜಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಲಿತಿದ್ದು ಸ್ಕ್ಯಾನರ್ ಚುಚ್ಚಿ ಕೋಡ್ ಓದೋದನ್ನ. ಕೋಡ್ ಹೇಳದ ಗಾಡಿ ಬಂದ್ರೆ ಕಣ್ಣಿಗೆ ಕಾಣೋ ದೊಡ್ಡ ಸಾಮಾನು ಬಿಚ್ತಾರೆ. ಗಿರಾಕಿಯೂ ಬಿಚ್ಚಿದ್ದಕ್ಕೇ ದುಡ್ಡು ಕೊಡೋದು. ಅಜ್ಜ ಮುಕ್ಕಾಲು ಗಂಟೆ ನಿಂತು ಕಿವಿಯಲ್ಲೇ ಕೆಲಸ ಮುಗಿಸಿದ್ರಲ್ಲ, ಅದಕ್ಕೆ ಬಿಲ್ಲಲ್ಲಿ ಯಾವ ಹೆಸರು ಬರೆಯೋದು? ಐನೂರು ಕೊಟ್ಟೆ, "ಏನು ಬಿಚ್ಚಿದ್ದೀನಿ ಅಂತ ಇಷ್ಟು?" ಅಂದ್ರು. ಬಲವಂತವಾಗಿ ಜೇಬಿಗೆ ಹಾಕಿದೆ.

ಹೊಸ ಅರ್ಥಿಂಗ್ ಪಟ್ಟಿಗೆ ನೂರ ನಲ್ವತ್ತು ರೂಪಾಯಿ. ಹಳೇದನ್ನ ಅಪ್ಪ ದನದ ಕೊಟ್ಟಿಗೆಯ ಗೇಟಿಗೆ ಸುತ್ತಿದ್ದಾರೆ. ಚೋಕ್ ಕೇಬಲ್ ಮಾತ್ರ ಇನ್ನೂ ಹಳೇದೇ, ಕವಚ ಬಿರುಕು ಬಿಟ್ಟಿದೆ. ಚಿಕ್ಕಮಗಳೂರು, ಹಾಸನ ಎರಡರಲ್ಲೂ ಸಿಗಲಿಲ್ಲ. ಮುಂದಿನ ವಾರ ಬೆಂಗಳೂರಿಗೆ ಬರ್ತಿದ್ದೀನಿ, ಜೆ.ಸಿ. ರಸ್ತೇಲಿ ಹಳೇ 800ರ ಸಾಮಾನು ಇಡೋ ಅಂಗಡಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಕಾರಲ್ಲೇ ಬರ್ತೀನಿ, ಬೆಳಗ್ಗೆ ಐದಕ್ಕೆ ಹೊರಡೋದು.