ಇಸವಿ ಬೇಡ ಅನ್ನಬೇಡಿ

ಇತಿಹಾಸದ ಪಾಠದಲ್ಲಿ ಮಕ್ಕಳಿಗೆ ಇಸವಿ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಿ, ಯೋಚಿಸುವುದನ್ನು ಕಲಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಎರಡನೆಯ ಮಾತು ನೂರಕ್ಕೆ ನೂರು ಸರಿ. ಆದರೆ ಇಸವಿಯನ್ನೇ ಬಿಟ್ಟರೆ ಮಕ್ಕಳು ಯಾವುದನ್ನು ಹಿಡಿದುಕೊಂಡು ಯೋಚಿಸಬೇಕು?

ಹತ್ತನೇ ತರಗತಿಯ ಮಕ್ಕಳು ಒಂದು ಉತ್ತರವನ್ನು ಥಟ್ಟನೆ ಒಪ್ಪಿಸುತ್ತಾರೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಗೆದ್ದರು, ವ್ಯಾಪಾರದ ದಾರಿ ಮುಚ್ಚಿತು, ಅದಕ್ಕೇ ಯುರೋಪಿನವರು ಸಮುದ್ರದ ದಾರಿ ಹುಡುಕಿದರು. ಈಗ ಅವರ ಮುಂದೆ ಒಂದು ಭೂಪಟ ಇಡಿ. ಮಲಬಾರಿನ ಮೆಣಸು ಇಟಲಿಯ ವೆನಿಸ್‌ಗೆ ಹೋಗುತ್ತಿದ್ದ ಮುಖ್ಯ ದಾರಿ ಯಾವುದು? ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಾ. ಅಂದರೆ ಈಜಿಪ್ಟ್ ಮೂಲಕ. ಅಲ್ಲಿ ಆಗ ಆಳುತ್ತಿದ್ದವರು ಆಟೋಮನ್ನರಲ್ಲ, ಮಾಮ್ಲೂಕ್ ಸುಲ್ತಾನರು. ಆಟೋಮನ್ನರು ಈಜಿಪ್ಟ್ ಗೆದ್ದದ್ದು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ! ಹಾಗಾದರೆ ಮುಚ್ಚಿದ ದಾರಿ ಯಾವುದು? ಇನ್ನೊಂದು ಇಸವಿ ಕೊಡಿ: ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಬಂದರನ್ನು ಹಿಡಿದದ್ದು 1415ರಲ್ಲಿ. 1453ಕ್ಕಿಂತ ಎಷ್ಟೋ ಮೊದಲು, ಅಲ್ವಾ?

1453ರ ಘಟನೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಕಪ್ಪು ಸಮುದ್ರದ ವ್ಯಾಪಾರಕ್ಕೆ ಅದರಿಂದ ದೊಡ್ಡ ಪೆಟ್ಟೇ ಬಿತ್ತು. ಆದರೆ ಅದೊಂದೇ ಕಾರಣ ಅಲ್ಲ. ಆಫ್ರಿಕಾದ ಚಿನ್ನದ ಆಸೆ, ಮೆಣಸಿನ ಲಾಭವೆಲ್ಲ ವೆನಿಸ್ ಪಾಲಾಗುತ್ತಿದೆ ಎಂಬ ಹೊಟ್ಟೆಯುರಿ, ಎಲ್ಲವೂ ಸೇರಿದ್ದವು. ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ನಾಲ್ಕು ಇಸವಿ, ಒಂದು ಭೂಪಟ ಕೊಟ್ಟು ಒಂದು ಪಿರಿಯಡ್ ಸುಮ್ನೆ ಬಿಡಿ, ಮಕ್ಕಳೇ ಜಗಳವಾಡಿ ಅದರ ಹತ್ತಿರ ಬರುತ್ತಾರೆ. ಪರೀಕ್ಷೆಯಲ್ಲಿ ಬರೆಯುವ ಉತ್ತರವೂ ಆಗ ಗಟ್ಟಿಯಾಗುತ್ತದೆ.