ಮದ್ದು ಬಿಡಲು ಮನುಷ್ಯ ಹಾರಲೇಬೇಕೆ?

ಹೊಲಕ್ಕೆ ಮದ್ದು ಸಿಂಪಡಿಸಲು ಕಲಿಯುತ್ತಿದ್ದ ಪೈಲಟ್ ವಿಮಾನದ ಜೊತೆ ನೆಲಕ್ಕೆ ಬಿದ್ದ ಸುದ್ದಿ ದೂರದ ದೇಶಗಳಿಂದ ಆಗಾಗ ಬರುತ್ತದೆ. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರಾದ ನಮಗೆ ಅದನ್ನು ಓದಿ ಸುಮ್ನೆ ಪುಟ ತಿರುಗಿಸಲು ಆಗುವುದಿಲ್ಲ. ನಮ್ಮದು ಆಕಾಶದಿಂದ ಮದ್ದು ಬಿದ್ದ ಊರು. ಈ ಕೆಲಸಕ್ಕೆ ಇನ್ನೂ ಪೈಲಟ್‌ಗಳನ್ನು ತಯಾರು ಮಾಡಬೇಕೆ? ಎರಡೂ ಕಡೆಯ ಮಾತನ್ನು ಬರೆದಿದ್ದೇನೆ. ನಾನು ಯಾವ ಕಡೆ ಅಂತ ಓದುವಾಗ ಗೊತ್ತಾಗಿಬಿಡುತ್ತದೆ, ಮುಚ್ಚಿಡುವ ಆಸೆಯೂ ಇಲ್ಲ.

ಪರ: ಕಲಿಸಬೇಕು, ಇನ್ನೂ ಚೆನ್ನಾಗಿ ಕಲಿಸಬೇಕು

ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಬಿಡುವವನನ್ನು ನೋಡಿ. ಮರ ಪಾಚಿ ಹಿಡಿದು ಜಾರುತ್ತದೆ. ಕಾಲಿಗೆ ತಳೆ, ಕೈಯಲ್ಲಿ ಪೈಪು, ಮುಖದ ಮೇಲೆ ಮೈಲುತುತ್ತು ಸುಣ್ಣದ ನೀಲಿ ಹನಿ. ಬಿದ್ದು ಸೊಂಟ ಮುರಿದುಕೊಂಡವರು ಊರಿಗೆ ಒಬ್ಬಿಬ್ಬರಾದರೂ ಸಿಗುತ್ತಾರೆ. ಹಾಗಂತ ಮದ್ದು ಬಿಡುವುದನ್ನು ನಿಲ್ಲಿಸಿದೆವಾ? ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವ ತರಬೇತಿಯನ್ನೇ ಶುರು ಮಾಡಿತು. ಹತ್ತುವ ಯಂತ್ರ ಕೊಟ್ಟಿತು, ವಿಮೆ ಮಾಡಿಸಿತು. ಅಪಾಯ ಇದ್ದಲ್ಲಿ ತರಬೇತಿ ಜಾಸ್ತಿ ಆಗಬೇಕು, ಅಲ್ವಾ?

ತಗ್ಗಿನಲ್ಲಿ ಹಾರುವುದಂತೂ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬೆಳೆಯ ತಲೆಯಿಂದ ಮೂರು ಮೀಟರ್ ಎತ್ತರ. ಗಂಟೆಗೆ 180 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 50 ಮೀಟರ್. ಕರೆಂಟ್ ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಈ ಪೈಲಟ್‌ಗಳು ತಂತಿಯನ್ನು ಹುಡುಕುವುದಿಲ್ಲ, ಕಂಬವನ್ನು ಹುಡುಕುತ್ತಾರೆ. ಇಳಿಯುವ ಮೊದಲು ಮೇಲಿನಿಂದ ಒಂದು ಸುತ್ತು ಹಾಕಿ ಹೊಲ ನೋಡಿಕೊಳ್ಳುತ್ತಾರೆ. ಎಂಜಿನ್ ಸೊರಗಿದರೆ ಒಂದು ಲಿವರ್ ಎಳೆದು ಟ್ಯಾಂಕಿಯ ಭಾರವನ್ನೆಲ್ಲ ಕೆಲವೇ ಸೆಕೆಂಡಿನಲ್ಲಿ ಕೆಳಗೆ ಸುರಿಯಬೇಕು. ಕೈಗೆ ರೂಢಿಯಾಗದೆ ಇದು ಬರುವುದಿಲ್ಲ.

ಯಂತ್ರವೂ ಬಿದ್ದು ಎದ್ದೇ ಸುಧಾರಿಸಿದೆ. 1950ರಲ್ಲಿ ಅಮೆರಿಕದ ಫ್ರೆಡ್ ವೈಕ್ ಈ ಕೆಲಸಕ್ಕೆಂದೇ ಏಜಿ-1 ವಿಮಾನ ರೂಪಿಸಿದರು. ಮದ್ದಿನ ಟ್ಯಾಂಕಿ ಮುಂದೆ, ಪೈಲಟ್ ಹಿಂದೆ ಎತ್ತರದಲ್ಲಿ. ಬಿದ್ದರೂ ಟ್ಯಾಂಕಿ ಬಂದು ಬೆನ್ನಿಗೆ ಗುದ್ದುವುದಿಲ್ಲ. ಇವತ್ತಿನ ವಿಮಾನಗಳೂ ಹೆಚ್ಚುಕಡಿಮೆ ಹಾಗೇ ಇವೆ.

ನಮ್ಮ 1971ರ ಕೀಟನಾಶಕ ನಿಯಮಗಳೂ ಇದನ್ನೇ ಹೇಳುತ್ತವೆ. ಮದ್ದು ಸಿಂಪಡಿಸುವ ಪೈಲಟ್‌ಗೆ ವಿಶೇಷ ತರಬೇತಿ ಆಗಿರಬೇಕು, ಆ ಮದ್ದು ಮೈಗೆ ಏನು ಮಾಡುತ್ತದೆ ಅನ್ನುವುದೂ ಗೊತ್ತಿರಬೇಕು. 2020ರಲ್ಲಿ ರಾಜಸ್ಥಾನಕ್ಕೆ ಮಿಡತೆ ಹಿಂಡು ಬಂದಾಗ ಡ್ರೋನ್ ಜೊತೆ ಹೆಲಿಕಾಪ್ಟರನ್ನೂ ಇಳಿಸಬೇಕಾಯಿತು. ಅಂಥ ದಿನ ಬಂದಾಗ ಕಲಿತವನು ಬೇಕು.

ವಿರೋಧ: ಸಾಕು ಮಾಡಿ

ಮರ ಹತ್ತುವ ಹೋಲಿಕೆ ಕೇಳಲು ಚೆಂದ. ಆದರೆ ಮರ ಹತ್ತಲು ಕಲಿಯುವವನ ಬುಡದಲ್ಲಿ ಕಲಿಸುವವನು ನಿಂತಿರುತ್ತಾನೆ. ಸೊಂಟಕ್ಕೆ ಹಗ್ಗ ಇರುತ್ತದೆ. ಮದ್ದಿನ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಇರುವುದು ಒಂದೇ ಸೀಟು. ನಮ್ಮ ಎಚ್‌ಎಎಲ್ 1970ರ ದಶಕದಲ್ಲಿ ಮಾಡಿದ ಬಸಂತ್ ಕೂಡ ಒಂಟಿ ಸೀಟಿನದೇ. ಎರಡು ಸೀಟಿನದರಲ್ಲಿ ಎಷ್ಟೇ ಕಲಿತರೂ ಇಂಥದ್ದನ್ನು ಮೊದಲ ಸಲ ಹತ್ತುವಾಗ ಹುಡುಗ ಒಬ್ಬನೇ. ಕಲಿಸುವವನ ಕೈಯಲ್ಲಿ ಬರೀ ರೇಡಿಯೋ.

ಅಪಾಯ ಕಾದಿರುವ ಇನ್ನೊಂದು ಜಾಗ ತಿರುವು. ಹೊಲದ ತುದಿ ಬಂತು, ಮೇಲೆತ್ತು, ತಿರುಗಿಸು, ಮತ್ತೆ ಇಳಿ. ಬೆಳಗಿನಿಂದ ಇದೇ. ವಿಮಾನವನ್ನು 60 ಡಿಗ್ರಿ ಓರೆ ಮಾಡಿ ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆ ಎರಡು ಪಟ್ಟು ಭಾರ ಹೊರಬೇಕು. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇ. 40ರಷ್ಟು ಏರುತ್ತದೆ. ಇನ್ನೊಂಚೂರು ಎಳೆದರೆ ರೆಕ್ಕೆ ಹಿಡಿತ ಬಿಟ್ಟು ಮೂಗು ಕುಸಿಯುತ್ತದೆ. ಮೇಲೆ ಸಾವಿರಾರು ಅಡಿಯಲ್ಲಿ ಆದರೆ ಸುಧಾರಿಸಿಕೊಳ್ಳಬಹುದು. ಇಲ್ಲಿ ಕೆಳಗೆ ಉಳಿದಿರುವುದು ಒಂದು ತೆಂಗಿನ ಮರವೋ ಎರಡು ಮರವೋ ಎತ್ತರ. ರೇಡಿಯೋದಲ್ಲಿ ಕೂಗಿ ಮುಗಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹುಡುಗ ಚೆನ್ನಾಗಿ ಕಲಿತ, ಬೀಳಲೇ ಇಲ್ಲ ಅಂತಿಟ್ಟುಕೊಳ್ಳೋಣ. ಆಮೇಲೆ? ನಮ್ಮ ಗೇರು ಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. ಟೀ ಸೊಳ್ಳೆ ಅನ್ನುವ ತಿಗಣೆ ಕೊಲ್ಲಲು. ಪೈಲಟ್‌ಗೆ ಹಾರಲು ಬಾರದೆ ಆದ ಅನಾಹುತ ಅಲ್ಲ ಅದು. ಮರದ ತುದಿಗೆ ಹತ್ತಿರದಲ್ಲೇ ಹಾರಬೇಕು ಅಂತ ಕಾಗದದಲ್ಲಿ ಬರೆಯಬಹುದು. ಒಂದು ಗುಡ್ಡೆ, ಒಂದು ಕಣಿವೆ, ಮತ್ತೆ ಗುಡ್ಡೆ ಇರುವ ಎಣ್ಮಕಜೆಯಲ್ಲಿ ಅದು ಆಗುವ ಮಾತಾ? 24 ಗಂಟೆ ಮೊದಲು ಊರಿಗೆ ತಿಳಿಸಬೇಕು ಅಂತಲೂ ನಿಯಮ ಇದೆ. ತಿಳಿದು ಮಾಡುವುದೇನು?

ನಮ್ಮ ಮನೆಗೆ ನೀರು ಸುರಂಗದ್ದು. ಗುಡ್ಡೆಯ ಹೊಟ್ಟೆಯಿಂದ ಬೆರಳು ದಪ್ಪ ನೀರು ಬಂದು, ಅಡಿಕೆ ದಂಬೆಯಲ್ಲಿ ಹರಿದು, ಕೆರೆಗೆ ಬೀಳುತ್ತದೆ. ಬಾವಿ ಮುಚ್ಚಿ ಅಂದರೆ ತೆಂಗಿನ ಮಡಲು ಹಾಸಬಹುದು. ಕೆರೆ, ತೋಡು, ದನ ಮೇಯುವ ಗುಡ್ಡೆ, ಇವಕ್ಕೆ ಯಾವ ಮುಚ್ಚಳ? ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿವೆ ಅಂತ ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದಿದ್ದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ನಮ್ಮ ಜಿಲ್ಲೆಯ ಹೊಸದುರ್ಗದ ಕೋರ್ಟಿನಿಂದ ಸಿಂಪಡಣೆಗೆ ತಡೆ ತಂದದ್ದು 1998ರಲ್ಲಿ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಎಂಡೋಸಲ್ಫಾನೇ ಬೇಡ ಅಂದದ್ದು 2011ರಲ್ಲಿ. ನಡುವಿನ ವರ್ಷಗಳನ್ನು ನೀವೇ ಲೆಕ್ಕ ಹಾಕಿ.

ಡ್ರೋನ್ ಬಂದರೆ ಎಲ್ಲ ಸರಿ ಅಂತ ನಾನೂ ಹೇಳುವುದಿಲ್ಲ. ಗಾಳಿಗೆ ಅದರ ಮದ್ದೂ ಆಚೆ ಹೋಗುತ್ತದೆ. ಹತ್ತು ಲೀಟರ್ ಹೊರುವ ಯಂತ್ರ, ಮತ್ತೆ ಮತ್ತೆ ಬ್ಯಾಟರಿ. ಆದರೆ ಒಳಗೆ ಮನುಷ್ಯ ಇರುವುದಿಲ್ಲ.

ಕಳೆದ ವರ್ಷ ನಮ್ಮ ತೋಟಕ್ಕೆ ಒಬ್ಬ ಹುಡುಗ ಡ್ರೋನ್ ತಂದಿದ್ದ, ತೋರಿಸಲಿಕ್ಕೆ. ಮೂರನೇ ಸಾಲಿಗೆ ಬರುವಾಗ ತೆಂಗಿನ ಮಡಲಿಗೆ ರೆಕ್ಕೆ ತಾಗಿತು. ಪಲ್ಟಿ ಹೊಡೆದು ತೋಡಿಗೆ ಬಿತ್ತು. ಹುಡುಗ ಪ್ಯಾಂಟ್ ಮಡಚಿ ಇಳಿದ, ಮುರಿದ ತುಂಡುಗಳನ್ನು ಒಂದೊಂದಾಗಿ ಹೆಕ್ಕಿದ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಮಜ್ಜಿಗೆ ಕುಡಿದು ಹೋದ. ಅಮ್ಮ ಮಾತ್ರ ಹೊರಡುವಾಗ ಅವನನ್ನು ನಿಲ್ಲಿಸಿ, ಟ್ಯಾಂಕಿಯಲ್ಲಿ ಏನಿತ್ತು ಅಂತ ಕೇಳಿದರು. ಬರೀ ನೀರು ಅಮ್ಮಾ ಅಂದ. ಆದರೂ ಆವತ್ತು ಸಂಜೆ ಅವರು ದನಗಳನ್ನು ತೋಡಿಗೆ ಬಿಡಲಿಲ್ಲ. ಕೆರೆಯಿಂದ ಕೊಡ ಕೊಡ ನೀರು ಹೊತ್ತು ತಂದು ಹಟ್ಟಿಯಲ್ಲೇ ಕುಡಿಸಿದರು.