ಸಾಗಣೆ ಪ್ಯಾಕಿಂಗ್‌ನ ಕಸಕ್ಕೆ ಸರಕು ಕಳುಹಿಸಿದ ಕಂಪನಿಯೇ ಹೊಣೆಯೇ?

ಪರ

ಹೊಸ ವಾಷಿಂಗ್ ಮಷೀನ್ ಬಂದ ಸಂಜೆ ಗೇಟಿನ ಬಳಿ ಉಳಿಯುವುದು ಒಂದು ರಟ್ಟಿನ ಪೆಟ್ಟಿಗೆ ಮತ್ತು ಅದರ ಮೂಲೆಗಳಿಗೆ ಕೊಟ್ಟಿದ್ದ ಥರ್ಮಾಕೋಲ್. ರಟ್ಟನ್ನು ಗುಜರಿಯವನು ತೂಗಿ ಹಣ ಕೊಟ್ಟು ಒಯ್ಯುತ್ತಾನೆ, ಥರ್ಮಾಕೋಲನ್ನು ಮುಟ್ಟುವುದಿಲ್ಲ. ಅದರ ಗಾತ್ರದಲ್ಲಿ ಶೇ 95ಕ್ಕೂ ಹೆಚ್ಚು ಬರೀ ಗಾಳಿಯಾದ್ದರಿಂದ ತಳ್ಳುಗಾಡಿ ತುಂಬ ಹೇರಿದರೂ ಗಿಟ್ಟುವಷ್ಟು ತೂಕ ಬಾರದು. ಹೀಗೆ ಯಾರಿಗೂ ಬೇಡವಾದದ್ದು ಕೊನೆಗೆ ಪಾಲಿಕೆಯ ಆಟೊ ಟಿಪ್ಪರ್ ಹತ್ತುತ್ತದೆ, ಮತ್ತು ಅದರ ಖರ್ಚನ್ನು ಆ ಯಂತ್ರ ಕೊಳ್ಳದವರೂ ತೆರುತ್ತಾರೆ.

ಥರ್ಮಾಕೋಲ್ ಬೇಕೆಂದು ಗ್ರಾಹಕ ಕೇಳಿರಲಿಲ್ಲ. ಮೊಟ್ಟೆಯ ಟ್ರೇಯಂತೆ ಕಾಗದದ ತಿರುಳಿನಿಂದ ಅಚ್ಚೊತ್ತಿದ ಮೂಲೆಗಳನ್ನೂ ಬಳಸಬಹುದಿತ್ತು. ಆ ಆಯ್ಕೆ ಇದ್ದದ್ದು ಕಂಪನಿಯ ಕೈಯಲ್ಲಿ, ಆದ್ದರಿಂದ ಹೊಣೆಯೂ ಅದರದ್ದೇ ಆಗಬೇಕು. ಸಾಗಣೆ ಪ್ಯಾಕಿಂಗನ್ನು ವಾಪಸ್ ಪಡೆಯುವುದನ್ನು ಜರ್ಮನಿ 1991ರ ಕಾನೂನಿನಲ್ಲೇ ಕಡ್ಡಾಯ ಮಾಡಿತ್ತು. ನಮ್ಮಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಕಂಪನಿಗಳ ಮೇಲೆ ಹೊರಿಸಿದ ಹೊಣೆಗೆ, ಅಂದರೆ ಅವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಪ್ಯಾಕಿಂಗ್‌ನ ವಿಲೇವಾರಿಗೆ, 2022ರ ಫೆಬ್ರುವರಿಯಲ್ಲಿ ಗುರಿಗಳು ಬಂದವು: 2021-22ಕ್ಕೆ ಅದರ ಶೇ 25, ಮರುವರ್ಷ ಶೇ 70, 2023-24ರಿಂದ ಪೂರ್ತಿ. ತಡವಾದರೂ ದಿಕ್ಕು ಸರಿಯಾಗಿದೆ.

ವಿರೋಧ

ದಿಕ್ಕಿನ ಬಗ್ಗೆ ತಕರಾರಿಲ್ಲ, ನಡೆಯುವ ರೀತಿಯ ಬಗ್ಗೆ ಇದೆ. ಕಂಪನಿ ನಮ್ಮ ಗೇಟಿನ ಬಳಿಯ ಥರ್ಮಾಕೋಲನ್ನೇ ಒಯ್ಯಬೇಕಿಲ್ಲ. ದೇಶದ ಇನ್ನೆಲ್ಲೋ ಅದೇ ವರ್ಗದ ಪ್ಲಾಸ್ಟಿಕ್ ಅಷ್ಟೇ ತೂಕದಲ್ಲಿ ಮರುಬಳಕೆಗೆ ಹೋಗಿದೆ ಎಂಬ ಪ್ರಮಾಣಪತ್ರವನ್ನು ನೋಂದಾಯಿತ ಘಟಕದಿಂದ ಕೊಂಡು ಒಪ್ಪಿಸಿದರೆ ಲೆಕ್ಕ ಚುಕ್ತಾ. ಆ ಲೆಕ್ಕವೂ ತೂಕದ್ದೇ ಆದ್ದರಿಂದ, ಗುಜರಿಯವನ ತಕ್ಕಡಿಯಲ್ಲಿ ಹಗುರವಾದದ್ದು ಇಲ್ಲಿಯೂ ಹಗುರವೇ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ನಡೆಸಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಅವನ್ನು ಸೃಷ್ಟಿಸಿದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು, ನಾಚಿಕೆಯ ಮಾತು, ಕರ್ನಾಟಕದವು.

ಪ್ಯಾಕಿಂಗ್ ತೆಳುವಾಗಿ ದಾರಿಯಲ್ಲಿ ಯಂತ್ರವೇ ಜಖಂಗೊಂಡರೆ ಅದು ಇನ್ನೂ ದೊಡ್ಡ ಕಸ ಎಂಬುದನ್ನೂ ಮರೆಯಬಾರದು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತು ಬರುವ 15 ಕಿಲೋ ಕ್ರೇಟ್ ಕೂಡ ಪ್ಲಾಸ್ಟಿಕ್ಕೇ. ಆದರೆ ಅದಕ್ಕೆ ಬೆಲೆಯಿದೆ, ಮುಂದಿನ ಕೊಯ್ಲಿಗೆ ಅದು ಬೇಕು, ಹಾಗಾಗಿ ಯಾವ ಪ್ರಮಾಣಪತ್ರದ ಹಂಗೂ ಇಲ್ಲದೆ ತೋಟಕ್ಕೆ ಮರಳುತ್ತದೆ. ವಾಷಿಂಗ್ ಮಷೀನ್ ಇಳಿಸಿದ ಟೆಂಪೊ ಕೂಡ ಖಾಲಿಯಾಗಿಯೇ ಹಿಂದಿರುಗುತ್ತದೆ. ಬಿಚ್ಚಿದ ಮೂಲೆಗಳನ್ನು ಅದರಲ್ಲೇ ಹಾಕಿ ಕಳುಹಿಸಬೇಕೆಂದು ನಮ್ಮ ನಿಯಮ ಯಾರನ್ನೂ ಕಡ್ಡಾಯಪಡಿಸುವುದಿಲ್ಲ.